ಸ್ಟೈರೀನ್ ಪ್ಲಾಸ್ಟಿಕ್ಕೂ ಅಂಟುಗಳೂ: ಮಾದರಿ ಜಲಾಂತರ್ಗಾಮಿಯ ನಿರ್ಮಾಣ

ನೀರಿನ ಮೇಲೆ ತೇಲುವ ಆಟದ ಹಡಗೊಂದನ್ನು ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಅದರ ಸಂದೊಂದು ಬಾಯಿಬಿಟ್ಟರೂ ಒಳಗೆ ಸೇರಿದ ನೀರನ್ನು ಚೆಲ್ಲಿ ಮತ್ತೆ ತೇಲಬಿಡಬಹುದು. ಜಲಾಂತರ್ಗಾಮಿಯ ಮಾದರಿಯಾದರೋ ನೀರಿನೊಳಗೇ ಸಂಚರಿಸತಕ್ಕದ್ದು. ಅದರ ಒಂದು ಸಂದು ಸೋರಿತೆಂದರೆ ಒಳಗಿರುವ ಬ್ಯಾಟರಿ, ಮೋಟಾರು, ರೇಡಿಯೋ ಗ್ರಾಹಕಗಳೊಡನೆ ತಿಂಗಳುಗಟ್ಟಲೆಯ ಶ್ರಮವೆಲ್ಲವೂ ಕೆರೆಯ ಕೆಸರಿನ ಪಾಲಾಗುತ್ತದೆ. ಆದುದರಿಂದ ಯಾವ ಸಂದಿಗೆ ಯಾವ ಅಂಟು ಎಂಬುದು ಈ ಹವ್ಯಾಸದಲ್ಲಿ ಕ್ಷುಲ್ಲಕವಾದ ಪ್ರಶ್ನೆಯಲ್ಲ.

ಇಂತಹ ಮಾದರಿಗಳ ಒಡಲನ್ನು ಬಹುಮಟ್ಟಿಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಇದರ ಕಥೆ ಸ್ವಾರಸ್ಯವಾಗಿದೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಶಿಲಾರಸವೆಂಬ ಪರಿಮಳದ ಮರದಂಟು ದೊರೆಯುವುದುಂಟಷ್ಟೆ. ಅದೇ ಜಾತಿಯ ಅಂಟನ್ನು ಬರ್ಲಿನ್ನಿನ ಔಷಧ ವ್ಯಾಪಾರಿ ಎಡ್ವರ್ಡ್ ಸೈಮನ್ 1839ರಲ್ಲಿ ಭಟ್ಟಿಯಿಳಿಸಿ ಎಣ್ಣೆಯಂತಹ ದ್ರವವೊಂದನ್ನು ಪಡೆದನು. ಕೆಲವು ತಿಂಗಳು ಹಾಗೆಯೇ ಇಟ್ಟಾಗ ಅದು ಲೋಳೆಯಂತೆ ಗಟ್ಟಿಯಾಯಿತು. ಗಾಳಿಯ ಆಮ್ಲಜನಕವನ್ನು ಹೀರಿ ಹೀಗಾಯಿತೆಂದು ಅವನು ಭಾವಿಸಿದನು. ನಿಜ ಸಂಗತಿ ಬೇರೆ: ಸ್ಟೈರೀನಿನ ಬಿಡಿ ಅಣುಗಳು ಒಂದರ ಕೈಯನ್ನೊಂದು ಹಿಡಿದು ಉದ್ದವಾದ ಸರಪಣಿಗಳಾಗಿದ್ದುವು. ಇಂತಹ ದೀರ್ಘ ಅಣುಗಳ ಸ್ವರೂಪವನ್ನು 1920ರಿಂದೀಚೆಗೆ ಪ್ರತಿಪಾದಿಸಿದ ಹರ್ಮನ್ ಸ್ಟಾಡಿಂಗರ್‌ಗೆ 1953ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಈ ಸರಪಣಿಗಳ ವಿಚಾರ ತಿಳಿದರೆ ಅಂಟಿನ ಮರ್ಮವೂ ತಿಳಿದಂತೆಯೇ. ಥರ್ಮೋಕೋಲ್ ಎಂಬ ಬಿಳಿಯ ಬೆಂಡು ಪಾಲಿಸ್ಟೈರೀನಿನ ನೊರೆಯೇ. ಅದರ ಮೇಲೆ ಕಿತ್ತಳೆಯ ಸಿಪ್ಪೆಯನ್ನು ಹಿಂಡಿ ನೋಡಿರಿ. ರಸದ ಹನಿ ಬಿದ್ದಲ್ಲೆಲ್ಲ ಬೆಂಡು ಕರಗಿ ಕುಳಿಬೀಳುವುದು. ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ತೈಲವು ಸರಪಣಿಗಳ ನಡುವೆ ನುಸುಳಿ ಅವನ್ನು ಬಿಡಿಸುತ್ತದೆ. ಮಾದರಿಗಾರರು ಬಳಸುವ ಟಾಲ್ವೀನ್, ಬ್ಯುಟನೋನ್, ಬ್ಯುಟೈಲ್ ಅಸಿಟೇಟ್ ಮೊದಲಾದ ದ್ರಾವಕಗಳ ಕೆಲಸವೂ ಇದೇ. ಎರಡು ತುಂಡುಗಳನ್ನು ಕೂಡಿಸಿ ಹಿಡಿದು ಕುಂಚದ ತುದಿಯಿಂದ ಸಂದಿಗೆ ಒಂದು ಹನಿ ಮುಟ್ಟಿಸಿದರೆ ಸಾಕು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಕೇಶಾಕರ್ಷಣೆಯಿಂದ ದ್ರವವು ತಾನಾಗಿ ಒಳಗೆ ಹರಿಯುತ್ತದೆ. ಎರಡೂ ಮೈಗಳ ಸರಪಣಿಗಳು ಸಡಿಲಗೊಂಡು ಪರಸ್ಪರ ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ನಡುವೆ ಉಳಿಯುವುದು ಅಂಟಲ್ಲ, ಪಾಲಿಸ್ಟೈರೀನೇ. ಇದನ್ನು ಬೆಸುಗೆಯೆನ್ನುವುದೇ ಯುಕ್ತ.

ಇದರಿಂದ ಕೆಲವು ಪರಿಣಾಮಗಳು ಹೊರಡುತ್ತವೆ. ಕೂಡುವ ಮೈಗಳ ಮೇಲೆ ಬಣ್ಣವಿದ್ದರೆ ದ್ರಾವಕವು ಪ್ಲಾಸ್ಟಿಕ್ಕನ್ನು ಮುಟ್ಟಲಾರದು. ಬಣ್ಣವನ್ನು ಕೆರೆದು ತೆಗೆಯಬೇಕು. ದ್ರಾವಕ ಅತಿಯಾದರೆ ತೆಳುವಾದ ಹಾಳೆ ಮೆತ್ತಗಾಗಿ ಸೊಟ್ಟಗಾಗುವುದು. ಎರಡು ಅಗಲವಾದ ಹಾಳೆಗಳ ನಡುವೆ ಸಿಕ್ಕಿಕೊಂಡ ದ್ರಾವಕಕ್ಕೆ ಹೊರಬರಲು ದಾರಿಯಿಲ್ಲದುದರಿಂದ ಅದು ಬಹಳ ದಿನ ಅಲ್ಲಿಯೇ ಇದ್ದು ಕಾಡುತ್ತದೆ. ಸಂದನ್ನು ಉಪ್ಪುಕಾಗದದಿಂದ ಉಜ್ಜುವ ಮೊದಲು ಕನಿಷ್ಠ ಒಂದು ದಿನವಾದರೂ ಕಾಯತಕ್ಕದ್ದು. ಅವಸರಪಟ್ಟು ಉಜ್ಜಿದರೆ ಸಂದು ಆಮೇಲೆ ಇಂಗಿ, ಬಣ್ಣದ ಕೆಳಗೆ ಗೆರೆಯಾಗಿ ಕಾಣಿಸುವುದು.

ಇನ್ನೊಂದು ಮಾತನ್ನು ಹೇಳಲೇಬೇಕು. ಟಾಲ್ವೀನಿನ ಆವಿ ತಲೆನೋವನ್ನೂ ತಲೆಸುತ್ತನ್ನೂ ತರುತ್ತದೆ, ನರಮಂಡಲಕ್ಕೆ ಕೇಡು; ಬೇಗನೆ ಬೆಂಕಿ ಹಿಡಿಯುವ ವಸ್ತುವೂ ಹೌದು. ಆವಿ ಗಾಳಿಗಿಂತ ಭಾರವಾದುದರಿಂದ ಮುಚ್ಚಿದ ಕೋಣೆಯಲ್ಲಿ ನೆಲದ ಬಳಿ ಕವಿದುಕೊಂಡಿರುತ್ತದೆ. ಕಿಟಕಿಗಳನ್ನು ತೆರೆದಿಡದೆ, ಹತ್ತಿರ ದೀಪವನ್ನೋ ಒಲೆಯನ್ನೋ ಇಟ್ಟುಕೊಂಡು ಈ ಕೆಲಸಕ್ಕೆ ಕೂರುವುದು ಶುದ್ಧ ಅವಿವೇಕ.

ಇನ್ನು ಒಡಲಿನ ರಚನೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಬಳಸಿದ ಏಳನೆಯ ವರ್ಗದ ‘ಸಿ’ ಬಗೆಯ ಜಲಾಂತರ್ಗಾಮಿಯ ಉದ್ದ ಸುಮಾರು 67 ಮೀಟರು; 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 93 ಸೆಂಟಿಮೀಟರು. ಇದರ ಒಡಲಿಗೆ ಮೇಲೆಯೂ ಕೆಳಗೆಯೂ ರಂಧ್ರಗಳನ್ನಿಟ್ಟು ನೀರು ಸರಾಗವಾಗಿ ಹೊಕ್ಕು ಹೊರಡುವಂತೆ ಮಾಡುತ್ತಾರೆ. ಯಂತ್ರಗಳೆಲ್ಲವೂ ಒಳಗಿನ ಜಲನಿರೋಧಕ ಕೊಳವೆಯೊಂದರಲ್ಲಿ ಭದ್ರವಾಗಿರುತ್ತವೆ. ಹೊರ ಒಡಲಿನ ಎರಡು ಕಡೆಯೂ ನೀರೇ ಇರುವುದರಿಂದ ಅದರ ಮೇಲೆ ಒತ್ತಡದ ಭಾರವಿಲ್ಲ. ಪಾಲಿಸ್ಟೈರೀನಿನ ಸಾಂದ್ರತೆ 1.05, ಎಂದರೆ 1,050 ಗ್ರಾಮಿನ ಒಡಲು ನೀರಿನೊಳಗೆ 50 ಗ್ರಾಮು ಮಾತ್ರ ತೂಗುವುದು. ಆದರೆ ಮೇಲೆ ಬಂದಾಗ ನೀರಿನಿಂದ ಹೊರಚಾಚುವ ಭಾಗಕ್ಕೆ ಈ ಆಸರೆಯಿಲ್ಲ. ಹೊರಚಾಚುವ ಪ್ಲಾಸ್ಟಿಕ್ಕು 200 ಗ್ರಾಮಿದ್ದರೆ ಅದರ ಗಾತ್ರ ಸುಮಾರು 190 ಘನ ಸೆಂಟಿಮೀಟರು. ಮುಳುಗಲು ತೊಟ್ಟಿಯೊಳಗೆ ಅಷ್ಟೇ ನೀರನ್ನು ತೆಗೆದುಕೊಳ್ಳಬೇಕು. ಮೇಲುಭಾಗವನ್ನು ತೆಳುವಾಗಿ ಕಟ್ಟಿದಷ್ಟೂ ತೊಟ್ಟಿ ಚಿಕ್ಕದಾಗುವುದೆಂಬುದನ್ನು ವಾಚಕರು ಗಮನಿಸಬೇಕು.

ತೆಳುವಾದ ಅಂಚನ್ನು ಅಂಚಿಗೆ ಕೂಡಿಸಿದರೆ ಬಲ ಸಾಲದು. ಒಂದು ಮಿಲಿಮೀಟರು ದಪ್ಪದ ಅಂಚಿನಲ್ಲಿ ಪ್ರತಿ ಸೆಂಟಿಮೀಟರು ಉದ್ದಕ್ಕೆ 0.1 ಚದರ ಸೆಂಟಿಮೀಟರು ಮಾತ್ರ ಬೆಸೆಯುತ್ತದೆ. ಒಳಗಿನಿಂದ 10 ಮಿಲಿಮೀಟರು ಅಗಲದ ಪಟ್ಟಿಯನ್ನು ಸಂದಿನ ಮೇಲೆ ಕೂಡಿಸಿದರೆ ಒಂದೊಂದು ಪಕ್ಕಕ್ಕೂ ಅದರ ಐದರಷ್ಟು ಹೆಚ್ಚಿನ ಆಸರೆ ದೊರೆಯುತ್ತದೆ. ಉಳಿದ ಬಿರುಕುಗಳಿಗೆ ಪ್ಲಾಸ್ಟಿಕ್ಕಿನ ಚೂರುಗಳನ್ನು ದ್ರಾವಕದಲ್ಲಿ ಕರಗಿಸಿದ ಗಂಜಿಯೇ ಒಳ್ಳೆಯ ಮೆತ್ತು.

ಹಿತ್ತಾಳೆಯ ದಂಡಕೊಳವೆಯನ್ನು ಕೂಡಿಸುವಲ್ಲಿ ದ್ರಾವಕ ನಿರುಪಯೋಗಿ. ಲೋಹ ಅದರಲ್ಲಿ ಕರಗದು. ಅನೇಕರು ಇಲ್ಲಿ ಸಯನೋಅಕ್ರಿಲೇಟನ್ನು, ಎಂದರೆ ಕ್ಷಣದಲ್ಲಿ ಹಿಡಿಯುವ ಅಂಟನ್ನು ಬಳಸುತ್ತಾರೆ. ಮೈಮೇಲಿನ ತೇವವೇ ಇದನ್ನು ಗಟ್ಟಿಗೊಳಿಸುತ್ತದೆ. ಆದರೆ ಇದು ಬೆಡಗು ಹೆಚ್ಚು, ತಾಳ್ಮೆ ಕಡಿಮೆ ಎನ್ನಬಹುದಾದ ಅಂಟು: ಪೆಡಸಾಗಿ, ಪೆಟ್ಟು ಬಿದ್ದರೆ ಸಿಡಿಯುವುದು, ಲೋಹದ ಮೇಲೆ ಬಹುಕಾಲ ನೀರಿನಲ್ಲಿ ನೆನೆದರೆ ಹಿಡಿತ ಕುಗ್ಗುವುದು. ಇದಲ್ಲದೆ ಬಿಸಿಲಿಗೆ ಪಾಲಿಸ್ಟೈರೀನ್ ಹಿತ್ತಾಳೆಯ ಮೂರರಷ್ಟಕ್ಕಿಂತಲೂ ಹೆಚ್ಚಾಗಿ ಹಿಗ್ಗುತ್ತದೆ. ಈ ಎಳೆದಾಟವನ್ನು ಪೆಡಸು ಅಂಟು ಸಹಿಸಲಾರದು. ಬಿಡಿಭಾಗಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅದು ಸರಿ. ಶಾಶ್ವತವಾದ ಸಂದಿಗೆ ಎರಡು ಮೈಗಳನ್ನೂ ಒರಟಾಗಿ ಉಜ್ಜಿ, ಜಿಡ್ಡು ತೆಗೆದು, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಹಚ್ಚುವುದೇ ಲೇಸು. ಐದು ನಿಮಿಷದ ಎಪಾಕ್ಸಿ ನೀರನ್ನು ಅಷ್ಟು ಚೆನ್ನಾಗಿ ತಡೆಯದು.

ಜಲನಿರೋಧಕ ಕೊಳವೆಯ ವಿಚಾರ ಬೇರೆ. ಅದಕ್ಕೆ ಒತ್ತಡ ತಪ್ಪಿದ್ದಲ್ಲ. ಎರಡು ಮೀಟರು ಆಳದಲ್ಲಿ ಚದರ ಸೆಂಟಿಮೀಟರಿಗೆ 0.2 ಕಿಲೋಗ್ರಾಮಿನ ಭಾರ, 7.5 ಸೆಂಟಿಮೀಟರು ವ್ಯಾಸದ ಮುಚ್ಚಳದ ಮೇಲೆ ಒಟ್ಟು ಸುಮಾರು 9 ಕಿಲೋಗ್ರಾಮು. ಇದಕ್ಕೆ ಅಕ್ರಿಲಿಕ್ ಕೊಳವೆಯೂ ರಬ್ಬರ್ ಉಂಗುರದ ಮುಚ್ಚಳವೂ ಯೋಗ್ಯವಾದುವು. ಕೆರೆಗಿಳಿಸುವ ಮೊದಲು ಯಂತ್ರಗಳನ್ನಿಡದೆ ಮುಚ್ಚಳವನ್ನು ಬಿಗಿದು 45 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಮುಳುಗಿಸಿರಿ. 27 ಡಿಗ್ರಿಯಲ್ಲಿ ಮುಚ್ಚಿದ ಗಾಳಿ ಆ ಕಾವಿಗೆ ಏರಿದಾಗ ಅದರ ಒತ್ತಡ ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಇದು ಸುಮಾರು 60 ಸೆಂಟಿಮೀಟರು ನೀರಿನ ಒತ್ತಡಕ್ಕೆ ಸಮ. ಎಲ್ಲಿಯಾದರೂ ಕಿರಿದಾದ ತೂತಿದ್ದರೆ ಅಲ್ಲಿಂದ ಗುಳ್ಳೆಗಳ ಸಾಲು ಎದ್ದುಬರುವುದು. ಆ ಜಾಗವನ್ನು ಕೂಡಲೆ ಗುರುತು ಹಾಕಿಕೊಂಡು, ಒರೆಸಿ ಒಣಗಿಸಿ, ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸದಾಗಿ ಹಚ್ಚಬೇಕು. ಹಳೆಯದರ ಮೇಲೆಯೇ ಬಳಿದರೆ ತೂತು ಪಕ್ಕಕ್ಕೆ ಸರಿಯುವುದೇ ಹೊರತು ಮುಚ್ಚುವುದಿಲ್ಲ.