ಚಿನ್ನಿಯ ಕರುಳು ಸೋರುತ್ತಿದೆಯೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಚಿನ್ನಿಗೆ ನಾಲ್ಕು ವರ್ಷ. ಚೆನ್ನಾಗಿ ತಿನ್ನುತ್ತಾಳೆ, ಓಡಾಡುತ್ತಾಳೆ. ಪರಿಚಯದವರೊಬ್ಬರು, ‘ಹೊರಗೆ ಏನೂ ಕಾಣದಿದ್ದರೂ ಒಳಗೆ ಕರುಳು ಸೋರುತ್ತಿರಬಹುದು, ಟೆಸ್ಟ್ ಮಾಡಿಸಿ’ ಅಂದರು. ಮುಂಚಿನ ನಾಯಿಯನ್ನು ತಿಂಗಳುಗಟ್ಟಲೆ ಭೇದಿಯಾಗಿ ಕಳೆದುಕೊಂಡವರು ನಾವು. ಆ ಮಾತು ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ.
– ಓದುಗರು, ಹಾಸನ

ಉತ್ತರ: ಒಮ್ಮೆ ಕಳೆದುಕೊಂಡವರಿಗೆ ಇಂಥ ಮಾತು ಎಷ್ಟು ಚುಚ್ಚುತ್ತದೆಂದು ಬಲ್ಲೆ. ಆದರೂ ಈಗ ಈ ಪರೀಕ್ಷೆ ಬೇಡ ಅನ್ನುವುದೇ ನನ್ನ ಸಲಹೆ.

ಅಂಥ ಪರೀಕ್ಷೆ ಇರುವುದು ನಿಜ. ನಾಯಿಯನ್ನು ರಾತ್ರಿಯಿಡೀ ಉಪವಾಸವಿಟ್ಟು, ಲ್ಯಾಕ್ಟುಲೋಸ್ ಮತ್ತು ರ‍್ಯಾಮ್ನೋಸ್ ಎಂಬ ಎರಡು ಸಕ್ಕರೆಗಳ ದ್ರಾವಣ ಕುಡಿಸುತ್ತಾರೆ. ರ‍್ಯಾಮ್ನೋಸ್‌ನ ಕಣ ಚಿಕ್ಕದು, ಕರುಳಿನ ಜೀವಕೋಶಗಳನ್ನು ಹಾದು ಹೋಗುತ್ತದೆ. ಲ್ಯಾಕ್ಟುಲೋಸ್ ದೊಡ್ಡದು. ಕೋಶ–ಕೋಶಗಳ ನಡುವಿನ ಬೆಸುಗೆ ಸಡಿಲವಾದಾಗ ಮಾತ್ರ ಅದು ಹೆಚ್ಚಾಗಿ ಒಳನುಸುಳುತ್ತದೆ. ಎರಡೂ ಮೂತ್ರದಲ್ಲಿ ಎಷ್ಟೆಷ್ಟು ಬಂದವೆಂದು ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸುತ್ತಾರೆ. ಹೊಟ್ಟೆ ಬೇಗ ಖಾಲಿಯಾಯಿತೋ ತಡವಾಯಿತೋ ಅನ್ನುವ ವ್ಯತ್ಯಾಸ ಎರಡಕ್ಕೂ ಒಂದೇ ಆದ್ದರಿಂದ ಭಾಗಾಕಾರದಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ. ಲೆಕ್ಕ ಜಾಣತನದ್ದೇ. ಆದರೆ ಗಂಟೆಗಟ್ಟಲೆ ಮೂತ್ರ ಸಂಗ್ರಹಿಸಬೇಕು, ಅದಕ್ಕೆ ಅನೇಕ ಸಲ ನಳಿಕೆ ಹಾಕಬೇಕು. ಕ್ರೋಮಿಯಂ-51 ಬಳಸುವ ಹಳೆಯ ವಿಧಾನದಲ್ಲಂತೂ ವಿಕಿರಣದ ರಗಳೆ. ಈಚೆಗೆ ಎಕ್ಸ್‌ರೇಗೆ ಬಳಸುವ ಅಯೋಹೆಕ್ಸಾಲ್ ಕುಡಿಸಿ ರಕ್ತದಲ್ಲೇ ಅಳೆಯುವ ಕ್ರಮವೂ ಬಂದಿದೆ.

ತೊಡಕಿರುವುದು ಉತ್ತರ ಬಂದ ಮೇಲೆ. ಏನೂ ಕಾಯಿಲೆಯಿಲ್ಲದ ನಾಯಿಗಳಲ್ಲೇ ಈ ಅಂಕಿ ಒಂದರಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ. ತಳಿ, ವಯಸ್ಸು, ದೇಹದ ಗಾತ್ರ, ಸಕ್ಕರೆಯ ಪ್ರಮಾಣ ಎಲ್ಲವೂ ಅದನ್ನು ಅಲುಗಾಡಿಸುತ್ತವೆ. ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳ ಕರುಳು ಪುಟ್ಟ ಪೂಡಲ್‌ನದಕ್ಕಿಂತ ಹೆಚ್ಚು ಒಳಬಿಡುತ್ತದೆ. ಅಲಾಸ್ಕಾದ ಹಿಮಬಂಡಿ ಎಳೆಯುವ ಗಟ್ಟಿಮುಟ್ಟಾದ ನಾಯಿಗಳಲ್ಲೂ ದೀರ್ಘ ಓಟದ ನಂತರ ಅದು ಏರಿದ್ದನ್ನು ಸಂಶೋಧಕರು ಕಂಡಿದ್ದಾರೆ. ಹಾಗಾಗಿ ಚಿನ್ನಿಯ ಅಂಕಿ ಸ್ವಲ್ಪ ಹೆಚ್ಚು ಬಂದರೆ ಅದು ರೋಗವೋ ಅವಳ ಸಹಜ ಗುಣವೋ ಎಂದು ಯಾವ ವೈದ್ಯರೂ ನಿಮಗೆ ಖಚಿತವಾಗಿ ಹೇಳಲಾರರು. ನಿಮ್ಮ ಭಯ ಮಾತ್ರ ಇಮ್ಮಡಿಯಾಗುತ್ತದೆ. ಗುಂಪುಗಳನ್ನು ಹೋಲಿಸುವ ಸಂಶೋಧನೆಗೆ ಇದು ಒಳ್ಳೆಯ ಸಾಧನ. ಒಂದೇ ಒಂದು ಆರೋಗ್ಯವಂತ ನಾಯಿಯ ಭವಿಷ್ಯ ಹೇಳಲು ಅಲ್ಲ.

ಲ್ಯಾಕ್ಟುಲೋಸ್ ಅಂದರೆ ಮಲಬದ್ಧತೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಅದೇ ಸಿರಪ್. ದಯವಿಟ್ಟು ಮನೆಯಲ್ಲಿ ಕುಡಿಸಿ ನೋಡಬೇಡಿ, ಸುಮ್ಮನೆ ಭೇದಿಯಾಗುತ್ತದೆ.

ಕರುಳಿಗೆ ನಿಜವಾದ ಅಪಾಯ ಮನೆಯ ಮಾತ್ರೆ ಡಬ್ಬಿಯಲ್ಲೇ ಇರಬಹುದು. ಚಿನ್ನಿ ಕುಂಟಿದಳೆಂದು ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಂದೂ ಕೊಡಬೇಡಿ. ನಾಯಿಯ ಜಠರ, ಕರುಳಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ಜೀವಕ್ಕೇ ಕುತ್ತು ಬರಬಹುದು.

ಮುಂಚಿನ ನಾಯಿಯ ನೆನಪು ಕಾಡುವಾಗ ಮಾಡಬಹುದಾದ ಕೆಲಸ ಇದೆ. ತಿಂಗಳಿಗೊಮ್ಮೆ ಚಿನ್ನಿಯನ್ನು ತೂಗಿ ಬರೆದಿಡಿ. ತೂಕ ಇಳಿಯುತ್ತ ಬಂದರೆ, ಮಲ ಎರಡು-ಮೂರು ವಾರ ಸಡಿಲವಾಗಿಯೇ ಇದ್ದರೆ, ವಾಂತಿ ಮರುಕಳಿಸಿದರೆ ಪಶುವೈದ್ಯರಲ್ಲಿಗೆ ಹೋಗಿ. ಆಗ ಮೊದಲು ಬೇಕಾದದ್ದು ಜಂತುಹುಳಕ್ಕೆ ಮಲಪರೀಕ್ಷೆ, ರಕ್ತದಲ್ಲಿ ಅಲ್ಬುಮಿನ್ ಮತ್ತು ವಿಟಮಿನ್ ಬಿ12. ಅಲ್ಬುಮಿನ್ ಕುಸಿದಿದ್ದರೆ ಕರುಳಿನ ಮೂಲಕ ಪ್ರೋಟೀನ್ ನಷ್ಟವಾಗುತ್ತಿರಬಹುದು. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಮಲದಲ್ಲಿ ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಗಿದ್ದರೆ ವಾರಗಟ್ಟಲೆ ಕಾಯದೆ ಅಂದೇ ಕರೆದೊಯ್ಯಿರಿ.