ಸಾ ಹಿಡಿದು ಕೂರುವ ವರ್ಷ

ಧಾರವಾಡದಲ್ಲಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಸಂಗೀತದ ಪದವಿಗೆ ಹೊಸ ಹುಡುಗ ಹುಡುಗಿಯರು ಬಂದು ಸೇರುತ್ತಾರೆ. ಶಿರಸಿ, ಯಲ್ಲಾಪುರದ ಕಡೆಯವರಿಗೆ ಮನೆಯಲ್ಲೊಂದು ಹಾರ್ಮೋನಿಯಂ, ಊರಲ್ಲೊಬ್ಬರು ಹಿಂದುಸ್ತಾನಿ ಗುರುಗಳು ಇದ್ದಿರುತ್ತಾರೆ. ಗದಗ, ಕೊಪ್ಪಳದ ಕಡೆಯವರು ಮಠದ ಭಜನೆ, ವಚನಗಾಯನದಲ್ಲಿ ಬೆಳೆದವರು. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹೇಳಿ ಹೆಸರು ಮಾಡಿದವನೂ ಒಬ್ಬ ಇರುತ್ತಾನೆ. ಬಹುತೇಕ ಎಲ್ಲರೂ ತಮ್ಮ ತಮ್ಮ ಶಾಲೆಯಲ್ಲಿ, ಓಣಿಯಲ್ಲಿ ‘ಹಾಡೋ ಹುಡುಗಿ’, ‘ಹಾಡೋ ಹುಡುಗ’ ಅನಿಸಿಕೊಂಡವರೇ. ಅಂಥವರೆಲ್ಲ ಒಂದೇ ಜಮಖಾನೆಯ ಮೇಲೆ ಸಾಲಾಗಿ ಕೂತಾಗ ಏನಾಗುತ್ತದೆ ಎಂಬುದನ್ನು ನಾನು ಮೊದಲು ವಿದ್ಯಾರ್ಥಿನಿಯಾಗಿ ಉಂಡೆ, ಈಗ ಪಾಠ ಹೇಳುತ್ತ ಕಾಣುತ್ತಿದ್ದೇನೆ.

ಊಟ, ಹಾಸ್ಟೆಲ್ಲು, ಊರಿನ ನೆನಪು ಇವುಗಳ ಕಷ್ಟ ದಸರಾ ರಜೆಯ ಹೊತ್ತಿಗೆ ಹೆಚ್ಚುಕಡಿಮೆ ಕಳೆಯುತ್ತದೆ. ಕಳೆಯದೆ ಉಳಿಯುವುದು ಬೇರೆ. ಇಷ್ಟು ವರ್ಷ ಹಾಡುತ್ತ ಬಂದವರಿಗೆ, ತಮ್ಮ ಕಿವಿ ಇನ್ನೂ ತೆರೆದಿಲ್ಲ ಎಂಬುದು ಇಲ್ಲಿಗೆ ಬಂದ ಮೇಲೆ ಗೊತ್ತಾಗುತ್ತದೆ. ಮೊದಲ ವರ್ಷದ ದುಃಖವೂ ಅದರಿಂದಲೇ, ಗಳಿಕೆಯೂ ಅದರಿಂದಲೇ.

“ಮೇಡಂ, ನಾ ಹಾಡೂದು ಕಲೀಬೇಕಂತ ಬಂದೀನ್ರಿ. ತಿಂಗಳಾತು, ಬರೇ ಸಾ ಹಚ್ಚಸಾಕತ್ತೀರಿ” ಎಂದು ಹಾವೇರಿ ಕಡೆಯ ಹುಡುಗಿಯೊಬ್ಬಳು ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಊರಿನ ದೇವಸ್ಥಾನದಲ್ಲಿ ಮೈಕಿನ ಮುಂದೆ, ಹಾರ್ಮೋನಿಯಂ ನುಡಿಸುವವರು ಹಿಡಿದ ಮನೆಯಲ್ಲಿ, ಅಂದರೆ ಅವರು ಒತ್ತಿದ ಸ್ವರವನ್ನೇ ಸಾ ಮಾಡಿಕೊಂಡು, ಅವಳು ಹಾಡುತ್ತಿದ್ದಳು. ಅದು ಅವಳಿಗೆ ಎತ್ತರದ ಶ್ರುತಿ. ತಾರಸಪ್ತಕಕ್ಕೆ ಹೋದಾಗ ಕುತ್ತಿಗೆಯ ನರ ಉಬ್ಬುತ್ತಿತ್ತು, ಕೆಳಗೆ ಮಂದ್ರಕ್ಕೆ ಇಳಿದವಳೇ ಅಲ್ಲ. ತನ್ನ ಸಾ ಎಲ್ಲಿದೆ ಎಂದು ಹುಡುಕುವ ಕೆಲಸ ಅವಳಿಗೆ ಆ ತನಕ ಬಿದ್ದೇ ಇರಲಿಲ್ಲ. ಹಾರ್ಮೋನಿಯಂನ ಐದನೆಯ ಕಪ್ಪು ಮನೆಯಾದ ಕಾಳಿ ಐದರಿಂದ ಕಾಳಿ ನಾಲ್ಕಕ್ಕೆ ಇಳಿಸಿ, ಬೆಳಗಿನ ಖರಜದ, ಅಂದರೆ ಮಂದ್ರ ಷಡ್ಜದ, ಅಭ್ಯಾಸ ಹಿಡಿಸಿದ ಮೇಲೆ ಅವಳ ದನಿಗೆ ಒಂದು ತಳ ಬಂತು. ಅದಕ್ಕೆ ದೀಪಾವಳಿ ಬರಬೇಕಾಯಿತು.

ತರಗತಿಯಲ್ಲಿ ಕಲಿಸುವುದರ ಒಂದು ತೊಡಕು ಇಲ್ಲಿದೆ. ಗುರುವಿನ ಎದುರು ಒಬ್ಬನೇ ಶಿಷ್ಯ ಕೂತರೆ ಅವನ ಶ್ರುತಿಗೇ ಪಾಠ. ಹುಡುಗರು, ಹುಡುಗಿಯರು ಒಟ್ಟಿಗೆ ಕೂತಾಗ ಒಬ್ಬರಿಗೆ ಸರಿಯಾದ ಸಾ ಇನ್ನೊಬ್ಬರಿಗೆ ಪಾತಾಳ, ಇಲ್ಲವೆ ಆಕಾಶ. ಇದಕ್ಕೆ ಹಳೆಯ ಉಪಾಯವೊಂದಿದೆ. ಹುಡುಗಿಯರ ಸಾ ಕಾಳಿ ನಾಲ್ಕು, ಹುಡುಗರದು ಕಾಳಿ ಒಂದು ಎಂದಾದರೆ, ಹುಡುಗರ ಸಾ ಹುಡುಗಿಯರ ಮಧ್ಯಮದ ಮೇಲೆ ಕೂರುತ್ತದೆ. ಹುಡುಗಿಯರು ಹಾಡುವಾಗ ಹುಡುಗರು ಸುಮ್ಮನೆ ಕೇಳಿ, ಅದೇ ಸಾಲನ್ನು ಮನಸ್ಸಿನಲ್ಲೇ ತಮ್ಮ ಮನೆಗೆ ಇಳಿಸಿಕೊಂಡು, ತಮ್ಮ ಸರದಿಯಲ್ಲಿ ಹಾಡಬೇಕು. ಮೊದಮೊದಲು ಎಲ್ಲರಿಗೂ ತಲೆ ಕೆಡುತ್ತದೆ. ಆದರೆ ಸ್ವರ ಎಂಬುದು ಹಾರ್ಮೋನಿಯಂನ ಒಂದು ಮನೆಯಲ್ಲ, ಸಾದಿಂದ ಇರುವ ದೂರ ಎಂಬುದು ಹೀಗೆ ಕೇಳುತ್ತ ಕೂತವರಿಗೆ ಬೇಗ ತಿಳಿಯುವುದನ್ನು ಕಂಡಿದ್ದೇನೆ. ತಮ್ಮ ಸರದಿ ಬರುವವರೆಗೆ ಮೊಬೈಲ್ ನೋಡುವವರಿಗೆ ವರ್ಷದ ಕೊನೆಗೂ ತಿಳಿಯುವುದಿಲ್ಲ.

ಮೊಬೈಲಿನ ಮಾತು ಬಂದದ್ದಕ್ಕೆ ತಂಬೂರಿಯ ಸಂಗತಿಯನ್ನೂ ಹೇಳಬೇಕು. ಈಗಿನ ಯಾವ ವಿದ್ಯಾರ್ಥಿಯ ಮೊಬೈಲ್ ನೋಡಿದರೂ ತಂಬೂರಿಯ ಆ್ಯಪ್ ಇರುತ್ತದೆ. ಅದಕ್ಕೂ ಮುಂಚಿನ ಎಲೆಕ್ಟ್ರಾನಿಕ್ ತಂಬೂರಿ ನಮ್ಮವರದೇ ಕೊಡುಗೆ, ಬೆಂಗಳೂರಿನ ಜಿ. ರಾಜನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ಹಾಸ್ಟೆಲ್ ಕೋಣೆಯಲ್ಲಿ, ಬಸ್ಸಿನಲ್ಲಿ ಅಭ್ಯಾಸಕ್ಕೆ ಅದರಷ್ಟು ಅನುಕೂಲ ಬೇರೊಂದಿಲ್ಲ. ಆದರೂ ಮೊದಲ ವರ್ಷದಲ್ಲಿ ತಂತಿಯ ತಂಬೂರಿಯನ್ನು ತೊಡೆಯ ಮೇಲಿಟ್ಟು ಶ್ರುತಿ ಮಾಡಲು ಕಲಿಯದವರು ದೊಡ್ಡದೊಂದನ್ನು ಕಳೆದುಕೊಳ್ಳುತ್ತಾರೆ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ನಾಲ್ಕು ತಂತಿ: ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಖರಜ. ಮಾಲಕಂಸ ರಾಗದಲ್ಲಿ ಪಂಚಮವಿಲ್ಲ, ಆಗ ಮೊದಲ ತಂತಿ ಮಧ್ಯಮಕ್ಕೆ ಇಳಿಯಬೇಕು. ಕುದುರೆಯ ಮೇಲೆ ಸಣ್ಣ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿಯ ಝೇಂಕಾರ ತೆರೆಯುವ ಜವಾರಿ ಹಿಡಿಯಬೇಕು. ಮಳೆಗಾಲದ ಧಾರವಾಡದಲ್ಲಿ ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇರುವುದಿಲ್ಲ, ಮತ್ತೆ ಮಾಡಬೇಕು.

ಎಲ್ಲ ಕೂಡಿಬಂದಾಗ ಖರಜದ ತಂತಿಯೊಳಗಿಂದ ಯಾರೂ ಮೀಟದ ಗಂಧಾರ ಕೇಳುತ್ತದೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಐದು ಪಾಲಾಗಿಯೂ ಕಂಪಿಸುತ್ತದೆ, ಆ ಕಂಪನವೇ ಈ ಗಂಧಾರ ಎಂದು ವಿಜ್ಞಾನ ಹೇಳುತ್ತದೆ. ಅದನ್ನು ಓದಿ ತಿಳಿದವರು ಬಹಳ, ಕೇಳಿ ತಿಳಿದವರು ಕಡಿಮೆ. “ಕೇಳಿಸ್ತರಿ!” ಎಂದು ಒಂದು ದಿನ ಒಬ್ಬ ಹುಡುಗ ಕೂಗಿ ಎದ್ದಾಗ ಇಡೀ ತರಗತಿ ಬಂದು ಅವನ ತಂಬೂರಿಗೆ ಕಿವಿಗೊಟ್ಟಿತು. ಮೂರು ಜನಕ್ಕೆ ಕೇಳಿತು, ಉಳಿದವರಿಗೆ ಇಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಅದು ನನಗೆ ಹೆಚ್ಚು ಇಷ್ಟವಾಯಿತು. ನಾವು ಬಳಸುವ ತಂಬೂರಿಗಳು ಮೀರಜದವು. 2024ರಲ್ಲಿ ಮೀರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕ ಸುದ್ದಿಯನ್ನು ತರಗತಿಯಲ್ಲಿ ಓದಿದ್ದೆವು. ತಮ್ಮ ತೊಡೆಯ ಮೇಲಿರುವ ಸೋರೆ ಬುರುಡೆಯ ಹಿಂದೆ ಒಂದು ಊರಿನ ತಲೆಮಾರುಗಳ ಕೈಕೆಲಸವಿದೆ ಎಂದು ಗೊತ್ತಾದ ಮೇಲೆ ಅದನ್ನು ಎತ್ತಿಡುವ ರೀತಿಯೇ ಬದಲಾಯಿತು.

ಇನ್ನು ಶಾಸ್ತ್ರದ ಪಾಠ. ವಿಷ್ಣು ನಾರಾಯಣ ಭಾತಖಂಡೆ (1860–1936) ರಾಗಗಳನ್ನು ಥಾಟು ಎಂಬ 10 ಸ್ವರಗುಂಪುಗಳಲ್ಲಿ ವಿಂಗಡಿಸಿ, ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಬರೆದು 6 ಭಾಗಗಳ ಕ್ರಮಿಕ ಪುಸ್ತಕ ಮಾಲಿಕೆ ತಂದರು. ಇಂದಿನ ಪಠ್ಯಕ್ರಮದ ಬೆನ್ನೆಲುಬು ಅದೇ. ಚೆನ್ನಾಗಿ ಹಾಡುವ ಹುಡುಗಿ ಥಾಟಿನ ಮೇಲೆ ಎರಡು ಪುಟ ಬರೆಯಲಾರದೆ ಒದ್ದಾಡುತ್ತಾಳೆ. ಉತ್ತರಪತ್ರಿಕೆ ತುಂಬಿಸುವ ಹುಡುಗ ತೀನ್‌ತಾಲದ 16 ಮಾತ್ರೆಯನ್ನು ಕೈಯಲ್ಲಿ ಹಿಡಿದು ಎರಡರಷ್ಟು ವೇಗದ ದುಗುಣ್ ಹೇಳುವಾಗ, ಚಪ್ಪಾಳೆಯಿಲ್ಲದ ಖಾಲಿಯಲ್ಲಿ ತಪ್ಪುತ್ತಾನೆ. ಇವರಿಬ್ಬರನ್ನೂ ಪಕ್ಕಪಕ್ಕ ಕೂರಿಸುವುದು ನಾನು ಕಂಡುಕೊಂಡ ಸುಲಭ ಪರಿಹಾರ.

ಸ್ವರಲಿಪಿ ಎಲ್ಲಿಯವರೆಗೆ ಕೈ ಹಿಡಿಯುತ್ತದೆ ಎಂಬುದಕ್ಕೆ ಭೂಪಾಲಿ ಮತ್ತು ದೇಶಕಾರ ರಾಗಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡಕ್ಕೂ ಸಾ ರೇ ಗ ಪ ಧ, ಅವೇ ಐದು ಸ್ವರ. ದಕ್ಷಿಣ ಕರ್ನಾಟಕದಿಂದ ಕರ್ನಾಟಕ ಸಂಗೀತ ಕಲಿತು ಬಂದವರು ಕೇಳಿದ ಕೂಡಲೇ “ಮೋಹನ ಅಲ್ವಾ ಮೇಡಂ?” ಅನ್ನುತ್ತಾರೆ. ಭೂಪಾಲಿ ಸಂಜೆಯದು, ಕಲ್ಯಾಣ ಥಾಟಿನದು, ಗಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ ಬೆಳಗಿನದು, ಬಿಲಾವಲ ಥಾಟಿನದು, ಧೈವತದ ಸುತ್ತ ಸುಳಿಯುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಆದರೆ ಹಾಡಲು ಕೂತ ಹುಡುಗನ ಭೂಪಾಲಿ ಎರಡು ನಿಮಿಷದಲ್ಲಿ ದೇಶಕಾರಕ್ಕೆ ಜಾರಿಬಿಡುತ್ತದೆ, ಜಾರಿದ್ದು ಅವನಿಗೆ ತಿಳಿಯುವುದೇ ಇಲ್ಲ. ತಿಳಿಯತೊಡಗಿದ ದಿನ ಅವನು ಹಾಡುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ಕೂರುತ್ತಾನೆ. ‘ನನಗೆ ಮೊದಲಿಗಿಂತ ಕೆಟ್ಟದಾಗಿ ಹಾಡಲು ಬರುತ್ತಿದೆ’ ಎಂದು ಮೊದಲ ವರ್ಷದವರು ಹೇಳುವುದು ಆಗಲೇ. ಅವರ ಹಾಡು ಕೆಟ್ಟಿರುವುದಿಲ್ಲ. ಕಿವಿ ಕಂಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ, ಕಂಠ ಅದನ್ನು ಮುಟ್ಟಲು ಕೆಲವು ತಿಂಗಳು ಬೇಕು. ಎಷ್ಟೋ ಒಳ್ಳೆಯ ದನಿಗಳು ಈ ತಿಂಗಳುಗಳಲ್ಲಿ ಕಾಲೇಜು ಬಿಟ್ಟು ಹೋಗಿವೆ ಎಂಬ ಸಂಕಟ ನನಗಿದೆ. ಆ ಸಮಯದಲ್ಲಿ ಅವರ ಜೊತೆ ಕೂತು ಮಾತಾಡುವವರೊಬ್ಬರು ಬೇಕು. ಮೇಲಿನ ತರಗತಿಯ ವಿದ್ಯಾರ್ಥಿಗಳು ಆ ಕೆಲಸವನ್ನು ಶಿಕ್ಷಕರಿಗಿಂತ ಚೆನ್ನಾಗಿ ಮಾಡುತ್ತಾರೆ.

ಸೆಮಿಸ್ಟರ್ ಪದ್ಧತಿಯ ಓಟವೂ ಈ ಸಂಕಟಕ್ಕೆ ಕೂಡಿಕೊಳ್ಳುತ್ತದೆ. ಒಂದು ರಾಗದ ಗುರುತು ಹತ್ತುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ಇಲ್ಲಿಂದ ತಾಸಿನ ದಾರಿಯ ಕುಂದಗೋಳದ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ವರ್ಷಗಟ್ಟಲೆ ತಿದ್ದಿದ್ದು ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಊರಿಗೆ ಪಾಠಕ್ಕೆ ಹೋಗುತ್ತಿದ್ದರು. ಕಾಲೇಜು ಆ ಕ್ರಮವನ್ನು ಹಾಗೆಯೇ ತರಲಾರದು, ತರಬೇಕೆಂದು ನಾನೂ ಹೇಳಲಾರೆ. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇರುವ ಅನುಕೂಲ ಎಷ್ಟು ಹೆಣ್ಣುಮಕ್ಕಳಿಗೆ, ಎಷ್ಟು ಬಡವರ ಮಕ್ಕಳಿಗೆ ಸಿಕ್ಕೀತು? ನನ್ನ ವಿದ್ಯಾರ್ಥಿಗಳಿಗೆ ಇಷ್ಟೇ ಹೇಳುತ್ತೇನೆ: ಪರೀಕ್ಷೆಗೆ ಎಲ್ಲ ರಾಗ ಇರಲಿ, ವರ್ಷಪೂರ್ತಿ ಬೆಳಿಗ್ಗೆ ಮಾತ್ರ ಒಂದೇ ರಾಗ ಇರಲಿ. ಹೆಚ್ಚಿನವರು ಯಮನ್ ಆರಿಸಿಕೊಳ್ಳುತ್ತಾರೆ.

ಊರಿನಲ್ಲಿ ಈಗಾಗಲೇ ಗುರುಗಳಿದ್ದವರ ಇಕ್ಕಟ್ಟು ಬೇರೆ. ಅಲ್ಲಿ ಒಂದು ರೀತಿ, ಇಲ್ಲಿ ಇನ್ನೊಂದು. ಯಾರ ಮಾತು ಕೇಳುವುದು? ‘ಗುರುಗಳಿಗೆ ಗೊತ್ತಾದರೆ ಬೇಜಾರು ಮಾಡ್ಕೋತಾರ’ ಎಂದು ಕಾಲೇಜಿನ ಪಾಠವನ್ನು ಮುಚ್ಚಿಡುವ ಮಕ್ಕಳಿದ್ದಾರೆ. ಅವರಿಗೆ ನಾನು ಈ ನೆಲದ ಕತೆಯನ್ನೇ ಹೇಳುತ್ತೇನೆ. ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತರು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಜೈಪುರ ಅತ್ರೌಲಿ ಘರಾನೆಗೆ ಹೊರಳಿದರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಆಶ್ರಯದಲ್ಲಿ ತಳಪಾಯ ಹಾಕಿಕೊಂಡು, ಹಲವು ಗುರುಗಳನ್ನು ಹುಡುಕಿಕೊಂಡು ಹೋದರು. ಮುಚ್ಚಿಡದೆ ಊರಿನ ಗುರುಗಳಿಗೆ ಹೇಳಿ, ಅವರ ಆಶೀರ್ವಾದ ಪಡೆದು ಬಂದ ವಿದ್ಯಾರ್ಥಿಗಳ ಮುಖದಲ್ಲಿ ಒಂದು ನಿರಾಳ ಕಾಣುತ್ತದೆ.

ಅಭ್ಯಾಸಕ್ಕೆ ಜಾಗ ಸಿಗುವುದು ದೊಡ್ಡ ಪಡಿಪಾಟಲು. ಬೆಳಿಗ್ಗೆ ಐದಕ್ಕೆ ಖರಜ ಹಚ್ಚಿದರೆ ಪಕ್ಕದ ಕೋಣೆಯ ಎಂಜಿನಿಯರಿಂಗ್ ಹುಡುಗಿ ಬಾಗಿಲು ಬಡಿಯುತ್ತಾಳೆ, ಅವಳ ತಪ್ಪೂ ಅಲ್ಲ. ಕೆಲವರು ಗುಡಿಯ ಪೂಜಾರಿಗಳನ್ನು ಕೇಳಿ ಪೌಳಿಯಲ್ಲಿ ಕೂರುತ್ತಾರೆ, ಕೆಲವರು ಕಾಲೇಜಿನ ಸಿಪಾಯಿಯ ಜೊತೆ ಸಲಿಗೆ ಬೆಳೆಸಿ ಒಂದು ತಾಸು ಮೊದಲೇ ಬೀಗ ತೆಗೆಸುತ್ತಾರೆ. ಶೀತವಾದಾಗ ಹಟದಿಂದ ಹಾಡಬಾರದು, ಆ ದಿನ ಕೇಳಬೇಕು.

ಕೇಳಲು ಈ ಊರಲ್ಲಿ ಬರವಿಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈ ಭಾಗದ ಕಲಾವಿದರನ್ನು ಮನೆಮನೆಗೆ ಮುಟ್ಟಿಸಿತು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಮೊದಲ ವರ್ಷದವರನ್ನು ಕರೆದುಕೊಂಡು ಹೋದರೆ ನಡುರಾತ್ರಿಗೆ ಅರ್ಧದಷ್ಟು ಮಂದಿ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾರೆ. ಎಚ್ಚರವಿದ್ದವರು ಬೆಳಗಿನ ಜಾವದ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಕೇಳುತ್ತಾರೆ. ತರಗತಿ ಹತ್ತಕ್ಕೆ ಶುರುವಾಗಿ ಸಂಜೆ ಮುಗಿಯುವ ಕಾಲೇಜಿನಲ್ಲಿ ಅದು ಸಿಗುವುದು ಕಷ್ಟ.

“ಇದನ್ನ ಕಲ್ತು ಮುಂದೇನ್ ಮಾಡ್ತಾಳ್ರಿ?” ಎಂದು ತಂದೆತಾಯಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕಿ, ಮನೆಪಾಠ, ಸುಗಮ ಸಂಗೀತದ ಕಾರ್ಯಕ್ರಮ, ಆಕಾಶವಾಣಿಯ ಆಡಿಷನ್ ಪಾಸಾಗಿ ಬಿ ಗ್ರೇಡಿನಿಂದ ಮೇಲೇರುವುದು, ಇವು ಕಣ್ಣೆದುರಿನ ದಾರಿಗಳು. ಯಾವುದೂ ಸುಲಭದ್ದಲ್ಲ ಎಂದೂ ಹೇಳುತ್ತೇನೆ. ಹಾವೇರಿಯ ಆ ಹುಡುಗಿಯ ತಂದೆಗೂ ಹೀಗೆಯೇ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಳು ಮನಿಗೆ ಬಂದಾಗ ಬರೇ ಒಂದು ಸ್ವರ ಹಿಡದು ಕುಂದರ್ತಾಳ್ರಿ. ನನಗೂ ಕೇಳಾಕ ಛಲೋ ಅನಸ್ತೈತಿ” ಎಂದರು. ಅವಳೀಗ ಎರಡನೆಯ ವರ್ಷ. ಛೋಟಾ ಖ್ಯಾಲಿನ ಚುರುಕು ಮುಗಿದು ನಿಧಾನಗತಿಯ ಬಡಾ ಖ್ಯಾಲ್ ಬಂದಿದೆ. ವಿಲಂಬಿತ ಏಕತಾಲದ 12 ಮಾತ್ರೆಗಳಲ್ಲಿ ಒಂದೊಂದೂ ನಾಲ್ಕಾಗಿ ಹಿಗ್ಗಿ, ಮೊದಲ ಮಾತ್ರೆಯಾದ ಸಮ್ ಮತ್ತೆ ಬರುವಷ್ಟರಲ್ಲಿ ಒಂದು ನಿಮಿಷವೇ ಆಗಿಹೋಗುತ್ತದೆ, ಮತ್ತು ಅಷ್ಟು ಹೊತ್ತು ಏನು ಹಾಡುವುದು ಎಂದು ಅವಳು ನಿನ್ನೆ ತಾನೆ ಬಂದು ಕೇಳಿದ್ದಾಳೆ.