ಮಾತಿಗೆ ಮೊದಲು ಬೆರಳು ಮಾತಾಡುತ್ತದೆ



"ಎರಡು ವರ್ಷವಾದರೂ ಮಗುವಿಗೆ ಮಾತಿಲ್ಲ. ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬರುತ್ತೆ ಬಿಡಿ." ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಸಮಾಧಾನವಿದು. ಕೆಲವು ಮಕ್ಕಳು ತಡವಾಗಿ ಮಾತಾಡುವುದು ನಿಜ. ಆದರೆ ಬರೀ ಪದಗಳನ್ನು ಎಣಿಸುತ್ತ ಕೂತರೆ ಅದಕ್ಕಿಂತ ಮುಖ್ಯವಾದದ್ದು ಕಣ್ತಪ್ಪಿಹೋಗುತ್ತದೆ.

ಏನನ್ನು ಗಮನಿಸಬೇಕು?

ವರ್ಷ ತುಂಬುವ ಹೊತ್ತಿಗೆ ಮಗು ಕಿಟಕಿಯ ಮೇಲಿನ ಕಾಗೆಯತ್ತ ಬೆರಳು ಮಾಡಿ, ತಿರುಗಿ ಅಮ್ಮನ ಮುಖ ನೋಡತೊಡಗುತ್ತದೆ. ಅದಕ್ಕೆ ಕಾಗೆ ಬೇಕಿಲ್ಲ. 'ನೀನೂ ನೋಡು' ಎನ್ನುತ್ತಿದೆ. ಹೀಗೆ ಹಂಚಿಕೊಳ್ಳುವುದೇ ಸಾಮಾಜಿಕ ಸಂವಹನದ ಬೇರು. ಆಟಿಸಂ ಇರುವ ಮಗು ಬಿಸ್ಕತ್ತಿಗಾಗಿ ಅಮ್ಮನ ಕೈ ಹಿಡಿದು ಡಬ್ಬಿಯತ್ತ ಎಳೆಯಬಹುದು, ಆದರೆ ತೋರಿಸಿ ಹಂಚಿಕೊಳ್ಳುವುದು ಕಡಿಮೆ. ಭಾಷೆಯ ತೊಂದರೆ ಮಾತ್ರ ಇರುವ ಮಗು ಸಾಮಾನ್ಯವಾಗಿ ಪದ ಸಿಗದಿದ್ದರೂ ಕಣ್ಣು, ಕೈ, ಮುಖಭಾವದಿಂದ ಹೇಳಲು ನೋಡುತ್ತದೆ. ಯಾವುದು ಯಾವುದೆಂದು ತಜ್ಞರೇ ನಿರ್ಧರಿಸಬೇಕು.

ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, 24 ತಿಂಗಳಿಗೆ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ಪರೀಕ್ಷೆ ತಪ್ಪದೆ ಮಾಡಿಸಿ. ಮುಂಬಯಿಯವರಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಊರಿಗೆ ಹೋದಾಗ ತೋರಿಸುವುದಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮನೆಯಲ್ಲಿ ಏನು ಮಾಡಬಹುದು?

ನೆಲದ ಮೇಲೆ ಮಗುವಿನ ಎದುರು ಕೂತು, ಅದು ಆಡುವುದನ್ನೇ ಆಡಿ. 'ಇದೇನು? ಹೇಳು' ಎಂದು ಪರೀಕ್ಷೆ ಮಾಡಬೇಡಿ. 'ಚೆಂಡು ಬಿತ್ತು' ಎಂದಷ್ಟೇ ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಿರಿ. ಆ ಮೌನದಲ್ಲಿ ಮಗು ಒಂದು ನೋಟ ಕೊಟ್ಟರೂ ಅದನ್ನು ಉತ್ತರವೆಂದೇ ತಿಳಿದು ಪ್ರತಿಕ್ರಿಯಿಸಿ.

ಕೆಲವು ಮಕ್ಕಳು ನಮ್ಮ ಮಾತನ್ನೇ ತಿರುಗಿ ಹೇಳುತ್ತಾರೆ. ನೀರು ಬೇಕಾದಾಗ 'ನೀರು ಬೇಕಾ?' ಎನ್ನುತ್ತಾರೆ, 'ಕೊಡು' ಎನ್ನುವ ಬದಲು 'ತಗೋ' ಎನ್ನುತ್ತಾರೆ. ಇದು ತುಂಟತನವಲ್ಲ, ಸಂವಹನದ ಪ್ರಯತ್ನ. ಗದರದೆ, ಮಗು ಹೇಳಬೇಕಾದಂತೆ 'ನೀರು ಬೇಕು' ಎಂದು ನೀವೇ ಹೇಳಿ ನೀರು ಕೊಡಿ.

ಕನ್ನಡ ಬಿಡಬೇಕೆ?

ಹೊರನಾಡಿನಲ್ಲಿ ಇಂಥ ಮಗುವಿನ ತಾಯ್ತಂದೆಯರಿಗೆ ಸಿಗುವ ಮೊದಲ ಸಲಹೆ, 'ಮನೆಯಲ್ಲಿ ಒಂದೇ ಭಾಷೆ ಆಡಿ, ಹಿಂದಿಯೋ ಇಂಗ್ಲಿಷೋ ಸಾಕು' ಎಂಬುದು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ, ಮಾತು ಇನ್ನಷ್ಟು ತಡವಾಗುವುದೂ ಇಲ್ಲವೆಂದು ಅಧ್ಯಯನಗಳು ತೋರಿಸಿವೆ. ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮುದ್ದು, ಆಟ, ಸಮಾಧಾನ ಎಲ್ಲ ಸಹಜವಾಗಿ ಬರುತ್ತವೆ. ಕನ್ನಡ ಬಿಡಿಸಿದರೆ ಕನ್ನಡವಷ್ಟೇ ಬಲ್ಲ ಅಜ್ಜಿಯ ಜೊತೆ ಮಗುವಿಗೆ ಮಾತೇ ಇಲ್ಲದಂತಾಗುತ್ತದೆ. ಒಡನಾಟವೇ ಕಷ್ಟವಾಗಿರುವ ಮಗುವಿಗೆ ಮನೆಯ ಒಬ್ಬರನ್ನು ನಾವೇ ದೂರ ಮಾಡುವುದು ಬೇಡ.

ನೆರವು ಏಕೆ?

ವಾಕ್ ಚಿಕಿತ್ಸೆ ಒಂದೆರಡು ಭೇಟಿಗೆ ಮುಗಿಯುವಂಥದ್ದಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಅದರಲ್ಲಿ ಚಿಕಿತ್ಸಾ ತರಬೇತಿಯೂ ಸೇರಿದೆ. ಆದರೆ ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಹಣವನ್ನು ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಸಲ್ಲಿಸಬೇಕು. ಭಾಷೆಯ ತೊಂದರೆ ಮಾತ್ರ ಇರುವ ಮಗುವಿಗೆ ಈ ವಿಮೆಯೂ ಇಲ್ಲ. ಹೀಗೆ ಹಣದ ದಾರಿ ಕಾಯುತ್ತ ಕಳೆದುಹೋಗುವ ತಿಂಗಳುಗಳು ಮಗುವಿನ ಕಲಿಕೆಗೆ ಅತ್ಯಂತ ಬೆಲೆಬಾಳುವ ತಿಂಗಳುಗಳು.

ಆ ತಿಂಗಳುಗಳಲ್ಲಿ ಚಿಕಿತ್ಸೆ ನಿಲ್ಲದಿರಲೆಂದೇ ನಮ್ಮ ವೈದ್ಯಕೀಯ ನೆರವು ನಿಧಿಗೆ ನಿಮ್ಮ ಕೊಡುಗೆ ಕೋರುತ್ತಿದ್ದೇವೆ. ಹಣ ಕೊಡಲಾಗದವರು ನೆರೆಮನೆಯ ತಾಯಿಗೆ ಈ ಲೇಖನ ಓದಿ ಹೇಳಿದರೆ, ಅದೂ ದಾನವೇ.